ಎರಡು ವರ್ಷದ ಮಳೆಗೆ ಒಂದು ಕಿನೋವಾ ಬೆಳೆ

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಅರ್ಧ ಕೆಜಿ ಪೊಟ್ಟಣದಲ್ಲಿ ಸಿಗುವ ಕಿನೋವಾ, ನಮ್ಮ ಹೊಲದ ಬದುಗಳಲ್ಲಿ ತಾನೇ ಹುಟ್ಟುವ ಚಕ್ಕೋತ ಸೊಪ್ಪಿನ ದಾಯಾದಿ. ಎರಡೂ ಒಂದೇ ಕುಲದ ಗಿಡಗಳು. ಚಕ್ಕೋತವನ್ನು ನಾವು ಎಲೆಗಾಗಿ ಕಿತ್ತು ಸಾರು ಮಾಡಿದೆವು, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಜನ ತಮ್ಮ ಗಿಡವನ್ನು ಕಾಳಿಗಾಗಿ ಸಾವಿರಾರು ವರ್ಷ ಪಳಗಿಸಿದರು. ಈಗ ಇದನ್ನು ಮಾರುವವರು 'ನೀರೇ ಬೇಡದ ಬೆಳೆ' ಎನ್ನುತ್ತಾರೆ. ಈ ಮಾತಿಗೆ ನಮ್ಮದೊಂದು ತಕರಾರಿದೆ. ಕಿನೋವಾಕ್ಕೆ ನೀರು ಬೇಕು. ಅದು ಕಡಿಮೆ ನೀರಿನಲ್ಲಿ ಬಂದದ್ದರ ಹಿಂದೆ ಗಿಡದ ಗುಣದಷ್ಟೇ ರೈತರ ಲೆಕ್ಕಾಚಾರವೂ ಇದೆ. ಆ ಲೆಕ್ಕಾಚಾರ ತಪ್ಪಿದಾಗ ಏನಾಯಿತು ಎನ್ನುವುದೇ ಈ ಬೆಳೆಯ ಇತ್ತೀಚಿನ ಚರಿತ್ರೆ.

ಬೊಲಿವಿಯಾದ ದಕ್ಷಿಣದ ಎತ್ತರದ ಬಯಲಿಗೆ ಹೋಗೋಣ. ಉಯುನಿ ಎಂಬ ಭಾರಿ ಉಪ್ಪಿನ ಬಯಲಿನ ಸುತ್ತಲಿನ ಸೀಮೆ ಅದು. ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರ. ಹಗಲು ಸುಡುವ ಬಿಸಿಲು, ರಾತ್ರಿ ಹಿಮ, ಮಧ್ಯಾಹ್ನ ಮರಳು ತೂರುವ ಗಾಳಿ. ವರ್ಷದ ಮಳೆ 150ರಿಂದ 300 ಮಿಲಿಮೀಟರ್. ಬರಕ್ಕೆ ಹೆಸರಾದ ನಮ್ಮ ಚಳ್ಳಕೆರೆಯಲ್ಲೂ ಇದಕ್ಕಿಂತ ಹೆಚ್ಚು ಮಳೆಯಾಗುತ್ತದೆ. 'ರಾಜ ಕಿನೋವಾ' ಎಂದು ಕರೆಸಿಕೊಳ್ಳುವ ದಪ್ಪ ಕಾಳಿನ, ಜಗತ್ತಿಗೆಲ್ಲ ಹೋಗುವ ತಳಿ ಬೆಳೆಯುವುದು ಅಲ್ಲಿಯೇ.

ಅಲ್ಲಿ ಮಳೆ ಬರುವುದು ಡಿಸೆಂಬರಿನಿಂದ ಮಾರ್ಚ್‌ವರೆಗೆ. ಆದರೆ ಬಿತ್ತನೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅಂದರೆ ಮಳೆಗೆ ಮೊದಲೇ. ಒಣ ನೆಲದಲ್ಲಿ ಬೀಜ ಮೊಳೆಯುವುದು ಹೇಗೆ? ಹಿಂದಿನ ವರ್ಷದ ಮಳೆಯಲ್ಲಿ! ಬೀಳು ಬಿಟ್ಟ ಹೊಲವನ್ನು ರೈತರು ಮಳೆಗಾಲದ ನಡುವೆಯೇ ಅಗೆದು ಸಡಿಲಿಸುತ್ತಾರೆ, ಬಿದ್ದ ನೀರು ಇಂಗಲಿ ಎಂದು. ಆ ವರ್ಷ ಏನನ್ನೂ ಬಿತ್ತುವುದಿಲ್ಲ. ಚಳಿಗಾಲವಿಡೀ ಮೇಲಿನ ಒಣಮಣ್ಣೇ ಕೆಳಗಿನ ಹಸಿಗೆ ಹೊದಿಕೆಯಾಗಿರುತ್ತದೆ. ಬಿತ್ತುವ ಕಾಲಕ್ಕೆ ಕೈ ಉಪಕರಣದಿಂದ ಹೆಚ್ಚು ಕಡಿಮೆ ಮೀಟರಿಗೊಂದರಂತೆ ಗುಳಿ ತೋಡಿ, ಹಸಿಮಣ್ಣು ಕೈಗೆ ಸಿಕ್ಕಿದ ಆಳದಲ್ಲಿ ಒಂದು ಚಿಟಿಕೆ ಬೀಜ ಹಾಕುತ್ತಾರೆ. ಒಂದೇ ಗುಳಿಯಲ್ಲಿ ಹತ್ತಾರು ಸಸಿಗಳು ಏಳುತ್ತವೆ. ಗಾಳಿ, ಮರಳು, ಹಿಮಕ್ಕೆ ಕೆಲವು ಬಲಿಯಾದರೂ ಒಂದಕ್ಕೊಂದು ಮರೆಯಾಗಿ ಉಳಿದವು ಬದುಕುತ್ತವೆ. ಎರಡು ವರ್ಷದ ಮಳೆಯನ್ನು ಒಂದು ಬೆಳೆಗೆ ಕೊಡುವ ಪದ್ಧತಿ ಇದು.

ವಿಜಯಪುರ, ಕಲಬುರಗಿಯ ಎರೆ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು, ಮಳೆ ಬಿದ್ದಾಗಲೆಲ್ಲ ಕುಂಟೆ ಹೊಡೆದು ಹಸಿ ಹಿಡಿದಿಟ್ಟು, ಹಿಂಗಾರಿಗೆ ಬಿಳಿಜೋಳ ಬಿತ್ತುವವರು ಅವರು. ವ್ಯತ್ಯಾಸವಿಷ್ಟೆ: ಎರೆಮಣ್ಣು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಉಯುನಿಯ ಮರಳುಮಣ್ಣು ಹಿಡಿದಿಡದು. ಅದಕ್ಕೇ ಅಲ್ಲಿ ಲಾಮಾ ಗೊಬ್ಬರ ಬೇಕು, ವರ್ಷಗಟ್ಟಲೆ ಬೀಳು ಬಿಡಬೇಕು, ಹೊಲಗಳ ನಡುವೆ ತೋಲಾ ಎಂಬ ಕುರುಚಲು ಪೊದೆಯ ತಡೆಯೂ ಇರಬೇಕು.

ಉತ್ತರಕ್ಕೆ, ಟಿಟಿಕಾಕಾ ಸರೋವರದ ದಂಡೆಯಲ್ಲಿ, ಇನ್ನೊಂದು ಬಗೆಯ ಜಾಣತನವಿತ್ತು. ಕಾಲುವೆ ತೋಡಿ, ತೆಗೆದ ಮಣ್ಣಿನಿಂದ ಎತ್ತರದ ಮಡಿ ಕಟ್ಟಿ, ಅದರ ಮೇಲೆ ಆಲೂಗೆಡ್ಡೆ, ಕಿನೋವಾ ಬೆಳೆಯುತ್ತಿದ್ದರು. ಕ್ವೆಚುವಾ ಭಾಷೆಯಲ್ಲಿ ಇದು ವಾರು ವಾರು, ಐಮಾರಾದಲ್ಲಿ ಸುಕಾ ಕೊಲ್ಯು. ಕಾಲುವೆಯ ನೀರು ಹಗಲಿನ ಬಿಸಿಯನ್ನು ಹೀರಿಕೊಂಡು ರಾತ್ರಿ ಬಿಡುವುದರಿಂದ ಹಿಮದ ಹೊಡೆತ ತಗ್ಗುತ್ತಿತ್ತು. ಒಣಗಾಲಕ್ಕೆ ನೀರು, ಗೊಬ್ಬರಕ್ಕೆ ಕಾಲುವೆಯ ಕೆಸರು. ಸರೋವರದ ಸುತ್ತ 80 ಸಾವಿರ ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ಇಂಥ ಮಡಿಗಳ ಕುರುಹುಗಳನ್ನು 1960ರ ದಶಕದಲ್ಲಿ ಭೂಗೋಳ ತಜ್ಞರು ಗುರುತಿಸಿದರು. 1980ರ ದಶಕದಲ್ಲಿ ಪುರಾತತ್ವಜ್ಞ ಕ್ಲಾರ್ಕ್ ಎರಿಕ್ಸನ್ ಪೆರುವಿನ ಹುವಾಟಾದಲ್ಲಿ ಊರವರ ಜೊತೆ ಕೆಲವು ಮಡಿಗಳನ್ನು ಮತ್ತೆ ಕಟ್ಟಿದರು, ಆಲೂಗೆಡ್ಡೆ ಸುತ್ತಲಿನ ಹೊಲಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಬಂತು. ದೊಡ್ಡ ಸುದ್ದಿಯಾಯಿತು, ಸಂಸ್ಥೆಗಳು ಹಣ ಹಾಕಿದವು. ಹಣ ನಿಂತ ಮೇಲೆ ಹೆಚ್ಚಿನ ಮಡಿಗಳು ಮತ್ತೆ ಪಾಳು ಬಿದ್ದವು. ಮಡಿ ಕಟ್ಟುವುದಕ್ಕೆ ಬೇಕಾದ ಆಳುಗಳು ಊರಿನಲ್ಲಿರಲಿಲ್ಲ, ದುಡಿಮೆಗೆ ಪಟ್ಟಣ ಸೇರಿದ್ದರು. ಯೋಜನೆಯ ಉದ್ಘಾಟನೆಯ ಸುದ್ದಿ ಬರೆದು ಆಮೇಲೆ ಅತ್ತ ತಲೆ ಹಾಕದ ನಮ್ಮಂಥ ಪತ್ರಕರ್ತರು ನೆನಪಿಡಬೇಕಾದ ಸಂಗತಿ ಇದು.

ಸ್ಪೇನಿನವರು ಬಂದ ಮೇಲೆ ಗೋಧಿ, ಬಾರ್ಲಿಗೆ ಮರ್ಯಾದೆ ಸಿಕ್ಕಿತು, ಕಿನೋವಾ ಬಡ ಮೂಲನಿವಾಸಿಗಳ ಊಟವಾಗಿ ಮೂಲೆಗೆ ಸರಿಯಿತು. ತಾಯಿಯ ಕಡೆಯಿಂದ ಇಂಕಾ ವಂಶದವನಾದ ಇತಿಹಾಸಕಾರ ಗಾರ್ಸಿಲಾಸೊ ಸ್ಪೇನಿಗೆ ಬೀಜ ತರಿಸಿಕೊಂಡಿದ್ದ, ಅವು ಮೊಳಕೆ ಸತ್ತು ತಲುಪಿದವಂತೆ. ರಾಗಿಯನ್ನು ಬಡವರ ಊಟವೆಂದು ಮೂಗು ಮುರಿದ ಕಾಲ ನಮ್ಮಲ್ಲೂ ಇತ್ತಲ್ಲ.

ಪರಿಸ್ಥಿತಿ ಬದಲಾದದ್ದು 1970ರ ದಶಕದ ನಂತರ. ಟ್ರ್ಯಾಕ್ಟರ್ ಬಂತು, 1983ರಲ್ಲಿ ಬೆಳೆಗಾರರ ಸಂಘಗಳು ಸೇರಿ ಅನಾಪ್ಕಿ ಎಂಬ ರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು, ಯುರೋಪ್ ಮತ್ತು ಅಮೆರಿಕ ಕೊಳ್ಳತೊಡಗಿದವು. ವಿಶ್ವಸಂಸ್ಥೆ 2013ನ್ನು ಕಿನೋವಾ ವರ್ಷವೆಂದು ಸಾರುವ ಹೊತ್ತಿಗೆ ಬೆಲೆ ಗಗನಕ್ಕೇರಿತ್ತು. ಪಟ್ಟಣಕ್ಕೆ ಹೋದವರು ಊರಿಗೆ ಮರಳಿ ಬಿತ್ತಿದರು. ಅವರ ಮನೆಗಳಿಗೆ ದುಡ್ಡು ಬಂದದ್ದನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಟ್ರ್ಯಾಕ್ಟರ್ ಗುಡ್ಡ ಹತ್ತಲಾರದು. ಇಳಿಜಾರಿನಲ್ಲಿದ್ದ ಹೊಲಗಳು ಲಾಮಾ ಮೇಯುತ್ತಿದ್ದ ಬಯಲಿಗೆ ಇಳಿದವು. ಲಾಮಾ ಕಡಿಮೆಯಾದವು, ಗೊಬ್ಬರವೂ ಕಡಿಮೆಯಾಯಿತು. ತೋಲಾ ಕಿತ್ತು ಹೋಯಿತು, ಡಿಸ್ಕ್ ನೇಗಿಲು ಮರಳುಮಣ್ಣನ್ನು ಬುಡಮೇಲು ಮಾಡಿತು, ಹಸಿ ಆರಿತು, ಗಾಳಿ ಮಣ್ಣನ್ನೇ ಒಯ್ದಿತು. ಬೀಳಿನ ವರ್ಷಗಳು ಮೊಟಕಾದವು. ಡೆನ್ಮಾರ್ಕಿನ ವಿಜ್ಞಾನಿ ಸ್ವೆನ್ ಎರಿಕ್ ಯಾಕಬ್ಸನ್ 2011ರಲ್ಲಿ ಇದನ್ನು ಪರಿಸರದ ದುರಂತ ಎಂದೇ ಕರೆದರು. ಅಷ್ಟು ಹೇಳಲು ಪುರಾವೆ ಸಾಲದು ಎಂದು ಫ್ರಾನ್ಸಿನ ಥಿಯರಿ ವಿಂಕೆಲ್ ಮತ್ತು ಸಂಗಡಿಗರು ಮರುವರ್ಷ ಉತ್ತರ ಕೊಟ್ಟರು. ಸರಾಸರಿ ಇಳುವರಿ ಮಾತ್ರ ಹೆಕ್ಟೇರಿಗೆ ಅರ್ಧ ಟನ್ನಿನ ಆಸುಪಾಸಿನಲ್ಲೇ ನಿಂತಿತ್ತು. ಹೆಚ್ಚಿದ್ದು ಬಿತ್ತಿದ ನೆಲ.

ಹಾಗಾದರೆ ಇಳುವರಿ ಹೆಚ್ಚಿಸುವುದು ಹೇಗೆ? ಬೆಲ್ಜಿಯಂನ ಸ್ಯಾಮ್ ಗೀರ್ಟ್ಸ್, ಡಿರ್ಕ್ ರಾಸ್ ಮತ್ತು ಲಾ ಪಾಸ್ ವಿಶ್ವವಿದ್ಯಾಲಯದ ಮಗಾಲಿ ಗಾರ್ಸಿಯಾ ಈ ಪ್ರಶ್ನೆ ಹಿಡಿದು ಬೊಲಿವಿಯಾದಲ್ಲಿ ಪ್ರಯೋಗ ಮಾಡಿದರು. 2008ರಲ್ಲಿ ಪ್ರಕಟವಾದ ಅವರ ಫಲಿತಾಂಶ ಸರಳವಾಗಿದೆ: ಬೆಳೆಗೆ ಬೇಕೆನಿಸಿದಷ್ಟೂ ನೀರು ಕೊಡಬೇಡಿ. ಸಸಿ ನೆಲ ಹಿಡಿಯುವಾಗ, ಹೂ ಬಿಡುವಾಗ, ಕಾಳು ಹಾಲುಗಟ್ಟುವಾಗ ಕೊಡಿ. ನಡುವೆ ಎಲೆ ಬೆಳೆಯುವ ಕಾಲದಲ್ಲಿ ಗಿಡ ಸ್ವಲ್ಪ ಬಾಯಾರಿದರೆ ಕೆಡುವುದಿಲ್ಲ, ಮುಂದಿನ ಬರಕ್ಕೆ ಗಟ್ಟಿಯಾಗುತ್ತದೆ. ಹೀಗೆ ಪೂರ್ಣ ನೀರಾವರಿಯ ಅರ್ಧದಷ್ಟೇ ನೀರಿನಲ್ಲಿ ಇಳುವರಿಯನ್ನು ಹೆಕ್ಟೇರಿಗೆ 1.2ರಿಂದ 2 ಟನ್ನಿನ ನಡುವೆ ನಿಲ್ಲಿಸಬಹುದು ಎಂದರು. ಆದರೆ ಉಪ್ಪಿನ ಬಯಲಿನ ಸುತ್ತ ಆ ಅರ್ಧ ನೀರೂ ಎಲ್ಲೆಡೆ ಇಲ್ಲ, ಇರುವ ಅಂತರ್ಜಲದಲ್ಲಿ ಉಪ್ಪಿದೆ. ಅದನ್ನು ಎತ್ತಿ ಹೊಲಕ್ಕೆ ಬಿಟ್ಟರೆ ಇಂದಿನ ಬೆಳೆ ಬಂದೀತು, ನಾಳೆಯ ಮಣ್ಣು ಚೌಳಾದೀತು.

ಅಷ್ಟರಲ್ಲಿ ಪೆರುವಿನ ಕರಾವಳಿಯ ನೀರಾವರಿ ಹೊಲಗಳು ಹೆಕ್ಟೇರಿಗೆ ಮೂರು ಟನ್ನಿಗೂ ಹೆಚ್ಚು ತೆಗೆದವು. 2014ರಲ್ಲಿ ಪೆರು ಉತ್ಪಾದನೆಯಲ್ಲಿ ಬೊಲಿವಿಯಾವನ್ನು ದಾಟಿತು, ಮರುವರ್ಷ ಬೆಲೆ ಕುಸಿಯಿತು. ಎರಡು ವರ್ಷದ ಮಳೆ ಕೂಡಿಟ್ಟು ಬೆಳೆದವನಿಗೂ ಕಾಲುವೆ ನೀರು ಹರಿಸಿದವನಿಗೂ ಸಂತೆಯಲ್ಲಿ ಹೆಚ್ಚು ಕಡಿಮೆ ಒಂದೇ ದರ.

ನಮ್ಮ ದೇಶದಲ್ಲಿ ಅನಂತಪುರದಂಥ ಒಣಸೀಮೆಯಲ್ಲಿ ಕಿನೋವಾ ಪ್ರಯತ್ನಗಳಾಗಿವೆ, ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಚಿಯಾದ ಜೊತೆ ಇದರ ಮೇಲೂ ಕೆಲಸ ಮಾಡಿದೆ. ಹನಿ ನೀರಾವರಿ ಇರುವ ರೈತರಿಗೆ ಮೂರು ಹಂತಗಳ ಆ ಲೆಕ್ಕ ಖಂಡಿತ ಉಪಯೋಗಕ್ಕೆ ಬರುತ್ತದೆ. ಜೊತೆಗೆ ಹೊಲದ ಆಚೆಗಿನ ಲೆಕ್ಕವೊಂದನ್ನೂ ಕೇಳಬೇಕು. ಕಾಳಿನ ಮೇಲೆ ಸಪೋನಿನ್ ಎಂಬ ಕಹಿ ಪದರವಿದೆ, ಅಂಟುವಾಳದಲ್ಲಿ ನೊರೆ ಬರಿಸುವುದೂ ಅದೇ ಜಾತಿಯ ವಸ್ತು. ಅದಿದ್ದರೆ ಹಕ್ಕಿ ಮುಟ್ಟುವುದಿಲ್ಲ, ತೆಗೆಯದಿದ್ದರೆ ಮನುಷ್ಯರೂ ತಿನ್ನಲಾರರು. ಆಂಡಿಸ್‌ನ ಹೆಂಗಸರು ಕಾಳು ಹುರಿದು, ಕಲ್ಲಿನ ಒರಳಿನಲ್ಲಿ ಕಾಲಿನಿಂದ ತುಳಿದು ಉಜ್ಜಿ, ಗಾಳಿಗೆ ತೂರಿ, ಕೊನೆಗೆ ತೊಳೆಯುತ್ತಿದ್ದರು. ಒಣಗಿದ್ದಾಗಲೇ ಬಹುಪಾಲು ಕಹಿ ಉದುರಿರುತ್ತಿದ್ದರಿಂದ ತೊಳೆಯಲು ಸ್ವಲ್ಪ ನೀರು ಸಾಕಾಗುತ್ತಿತ್ತು.