ಕೆರಾಟಿನ್ ಭಕ್ಷಕ ಶಿಲೀಂಧ್ರಗಳು: ಓನಿಜೆನೇಲ್ಸ್

ಕೂದಲು, ಉಗುರು, ಕೊಂಬು, ಗರಿ ಹಾಗೂ ಚರ್ಮದ ಹೊರಪದರದಲ್ಲಿರುವ ಗಡಸು ಪ್ರೋಟೀನ್ ಕೆರಾಟಿನ್. ಇದನ್ನು ಕರಗಿಸಿ ಆಹಾರವಾಗಿಸಿಕೊಳ್ಳುವ ಅಪರೂಪದ ಶಕ್ತಿ ಓನಿಜೆನೇಲ್ಸ್ ಗಣದ ಅನೇಕ ಶಿಲೀಂಧ್ರಗಳಿಗಿದೆ. ಉಗುರು, ಗೊರಸು ಎಂಬರ್ಥದ ಗ್ರೀಕ್ ಪದವೇ ಈ ಹೆಸರಿನ ಮೂಲ. ಹಲವು ಪ್ರಭೇದಗಳು ಉದುರಿದ ಗರಿ, ರೋಮಗಳನ್ನು ಕೊಳೆಸಿ ಮಣ್ಣಿಗೆ ಮರಳಿಸುತ್ತವೆ. ಅವುಗಳಿಂದ ಯಾರಿಗೂ ಕೇಡಿಲ್ಲ. ಶ್ವಾಸಕೋಶಕ್ಕೆ ಎರಗುವ ಹಿಸ್ಟೊಪ್ಲಾಸ್ಮಾ ಕೂಡ ಇದೇ ಗಣದ್ದು.

ಮನುಷ್ಯರನ್ನು ಹೆಚ್ಚಾಗಿ ಕಾಡುವುದು ಈ ಗಣದ ಡರ್ಮಟೊಫೈಟ್‌ಗಳು. ಅವುಗಳಿಂದ ಬರುವುದೇ ಹುಳುಕಡ್ಡಿ ಅಥವಾ ಗಜಕರ್ಣ. ಹೆಸರಿನಲ್ಲಿ ಹುಳುವಿದ್ದರೂ ರೋಗದಲ್ಲಿ ಹುಳುವಿಲ್ಲ.

ಪೀಣ್ಯ ಕೈಗಾರಿಕಾ ಪ್ರದೇಶದ ನೆರೆಯ ಲಗ್ಗೆರೆಯಂತಹ ಬಡಾವಣೆಗಳಲ್ಲಿ ದುಡಿಯುವವರ ಬದುಕು ಈ ಶಿಲೀಂಧ್ರಕ್ಕೆ ಅನುಕೂಲಕರ. ಪಾಳಿಯುದ್ದಕ್ಕೂ ಬೆವರುವ ಮೈ, ಬಿಗಿ ಉಡುಪು, ಒಂದೇ ಕೋಣೆಯಲ್ಲಿ ಹಲವರ ವಾಸ, ಮಳೆಗಾಲದಲ್ಲಿ ಪೂರ್ತಿ ಒಣಗದ ಬಟ್ಟೆ. ವೈದ್ಯರನ್ನು ಕಾಣಲು ಸಂಬಳ ಬಿಡಬೇಕಾದವರು ಔಷಧದಂಗಡಿಯಲ್ಲಿ ಒಂದು ಟ್ಯೂಬ್ ಕೊಂಡು ಹಚ್ಚಿಕೊಳ್ಳುವುದು ಸಹಜ.

ತೊಡಕು ಇರುವುದು ಆ ಟ್ಯೂಬಿನಲ್ಲಿಯೇ. ಇಂಥ ಅನೇಕ ಮಿಶ್ರಣಗಳಲ್ಲಿ ಶಿಲೀಂಧ್ರನಾಶಕದ ಜೊತೆ ಪ್ರಬಲ ಸ್ಟೀರಾಯ್ಡ್ ಬೆರೆತಿರುತ್ತದೆ. ತುರಿಕೆ, ಕೆಂಪು ಎರಡು ದಿನದಲ್ಲಿ ಅಡಗುತ್ತವೆ. ಆದರೆ ಚರ್ಮದ ಪ್ರತಿರೋಧ ಕುಂದುವುದರಿಂದ ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. ಉಂಗುರದಂತಹ ಗುರುತೂ ಅಳಿಸಿ ವೈದ್ಯರನ್ನೇ ಯಾಮಾರಿಸುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ 14 ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿರ್ಬಂಧಿಸಿತು. ನಿಯಮ ಕಾಗದದ ಮೇಲೆ ಬಂದಷ್ಟು ಸುಲಭವಾಗಿ ಅಂಗಡಿಯ ಕಟ್ಟೆಗೆ ಇಳಿಯಲಿಲ್ಲ.

ಭಾರತದಲ್ಲಿ ಹಿಂದೆ ಟ್ರೈಕೋಫೈಟಾನ್ ರೂಬ್ರಮ್ ಪ್ರಭೇದದ್ದೇ ಮೇಲುಗೈ. ಈಗ ಆ ಸ್ಥಾನದಲ್ಲಿರುವ ಪ್ರಭೇದಕ್ಕೆ ಜಪಾನಿನ ಸಂಶೋಧಕರು 2020ರಲ್ಲಿ ಟ್ರೈಕೋಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲಿಯೇ ನಮ್ಮ ದೇಶವಿದೆ. ಟರ್ಬಿನಾಫಿನ್ ಮಾತ್ರೆ ಶಿಲೀಂಧ್ರದ ಒಂದು ಕಿಣ್ವವನ್ನು ತಡೆದು ಅದರ ಕೋಶಪೊರೆಯನ್ನು ಹಾಳುಗೆಡವುತ್ತದೆ. ಆ ಕಿಣ್ವದ ವಂಶವಾಹಿಯೇ ಬದಲಾಗಿರುವ ತಳಿಗಳಿಗೆ ಈ ಮಾತ್ರೆ ನಾಟುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಈ ಸೋಂಕಿನ ಇಬ್ಬರು ರೋಗಿಗಳ ವಿವರ 2023ರಲ್ಲಿ ಪ್ರಕಟವಾಯಿತು. ಅವರಲ್ಲೊಬ್ಬರು ವಿದೇಶ ಪ್ರವಾಸವನ್ನೇ ಮಾಡಿರಲಿಲ್ಲ.

ಚರ್ಮದ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಇದು ಅಗ್ಗದ ಪರೀಕ್ಷೆ. ಇಂಥ ಮೊಂಡು ಸೋಂಕಿಗೆ ಸಾಮಾನ್ಯವಾಗಿ ಇಟ್ರಾಕೊನಜೋಲ್ ಮಾತ್ರೆಯನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೊಡಲಾಗುತ್ತದೆ. ಮನೆಯಲ್ಲಿ ಸೋಂಕಿರುವ ಎಲ್ಲರೂ ಒಟ್ಟಿಗೇ ಚಿಕಿತ್ಸೆ ಪಡೆಯಬೇಕು. ಇಲ್ಲವಾದರೆ ಗುಣವಾದವರಿಗೆ ಅದೇ ಟವೆಲ್‌ನಿಂದ ಮತ್ತೆ ಅಂಟುತ್ತದೆ.