ಮರಳಿನಿಂದ ಹಾಳೆಗೆ: ಭಾಗಾಕಾರ ನಡೆದು ಬಂದ ದಾರಿ

ಭಾಗಾಕಾರಕ್ಕೂ ಒಂದು ಇತಿಹಾಸವಿದೆ ಎಂದರೆ ನಮ್ಮ ಸಂಘದ ಗೆಳತಿಯರು ನಕ್ಕಾರು. ಕೂಡುವುದು, ಕಳೆಯುವುದು, ಗುಣಿಸುವುದು ಹೇಗೋ ಕಲಿತ ಮಕ್ಕಳು ಎರಡಂಕಿಯಿಂದ ಭಾಗಿಸುವ ಲೆಕ್ಕ ಬಂದೊಡನೆ ಕಂಗಾಲಾಗುವುದು ಮಾತ್ರ ನಗುವ ಸಂಗತಿಯಲ್ಲ. ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಬಹಳ ವರ್ಷ ಲೆಕ್ಕ ಕಲಿಸಿದವಳು ನಾನು. ಈಗ ಸಂಘದ ಭಾನುವಾರದ ತರಗತಿಗೆ ಬರುವ ಮಕ್ಕಳೆಲ್ಲ ಇಂಗ್ಲಿಷ್ ಮಾಧ್ಯಮದವರು. ಶಾಲೆಯಲ್ಲಿ ಕಲಿಯುವುದು ‘ಡಿವಿಜನ್’, ಕಟ್ಟಡದ ಗೆಳೆಯರಿಂದ ಕೇಳುವುದು ಮರಾಠಿಯ ‘ಭಾಗಾಕಾರ’. ಅದು ನಮ್ಮ ಕನ್ನಡದ ಪದವೂ ಹೌದು ಎಂದು ಹೇಳಿದರೆ ಅವರಿಗೆ ಆಶ್ಚರ್ಯ. ಹಳೆಯ ಸಂಸ್ಕೃತ ಗಣಿತ ಗ್ರಂಥಗಳಲ್ಲಿ ಅದು ಭಾಗಹಾರ.

ಮಾಧ್ಯಮ ಯಾವುದಾದರೇನು, ಮಕ್ಕಳು ಎಡವುವ ಜಾಗ ಒಂದೇ. 3,648 ಅನ್ನು 12ರಿಂದ ಭಾಗಿಸು ಎನ್ನಿ. ಹನ್ನೆರಡು ಮೂರಲಿ ಮೂವತ್ತಾರು, ಸರಿ. 4 ಇಳಿಸುತ್ತಾರೆ, ‘ಹೋಗೋದಿಲ್ಲ’ ಅನ್ನುತ್ತಾರೆ, 8 ಇಳಿಸುತ್ತಾರೆ, ಹನ್ನೆರಡು ನಾಲ್ಕಲಿ ನಲವತ್ತೆಂಟು. ಉತ್ತರ 34! ನಡುವಿನ ಸೊನ್ನೆ ಮಾಯ. 304 ಆಗಬೇಕಿತ್ತು. ಮೂರು ಸಾವಿರಕ್ಕೂ ಮೀರಿದ ಮೊತ್ತವನ್ನು ಹನ್ನೆರಡು ಜನರಿಗೆ ಹಂಚಿದರೆ ತಲೆಗೆ ಬರೇ ಮೂವತ್ತನಾಲ್ಕು ಬರುವುದುಂಟೇ ಎಂಬ ಅನುಮಾನ ಮಗುವಿಗೆ ಬರುವುದೇ ಇಲ್ಲ. ಏಕೆಂದರೆ ಅದು ಹಂಚುತ್ತಿಲ್ಲ, ಅಂಕಿ ಇಳಿಸುತ್ತಿದೆ.

ಈ ‘ಇಳಿಸುವ’ ಪದ್ಧತಿ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ನಾನು ಮೊದಲು ಬಂದು ನಿಂತದ್ದು ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡದ ಅರಸನ ಕಾಲಕ್ಕೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಗಣಿತ ಎಲ್ಲೆಲ್ಲಿ ಬೇಕು ಎಂದು ಹೇಳುವಾಗ ಅವರು ಸಂಗೀತ, ನಾಟಕ, ವೈದ್ಯದ ಜೊತೆ ಅಡುಗೆಯ ಶಾಸ್ತ್ರವನ್ನೂ ಸೇರಿಸಿದ್ದಾರೆ. ಮಹಿಳಾ ವಿಭಾಗದವರು ಗಮನಿಸಬೇಕು! ಈ ಸಂಸ್ಕೃತ ಗ್ರಂಥವನ್ನು 2000ದಲ್ಲಿ ಕನ್ನಡ ಅನುವಾದದೊಡನೆ ನಮ್ಮ ಕೈಗಿತ್ತವರು ಒಬ್ಬ ಮಹಿಳೆ, ಮೈಸೂರಿನ ಗಣಿತ ಪ್ರಾಧ್ಯಾಪಕಿ ಡಾ. ಪದ್ಮಾವತಮ್ಮ.

ಮಹಾವೀರರು ಭಾಗಹಾರಕ್ಕೆ ಹೇಳುವ ಕ್ರಮ ಚಿಕ್ಕದು. ಭಾಜ್ಯವನ್ನು ಬರೆದು, ಅದರ ಕೆಳಗೆ ಭಾಜಕವನ್ನಿಟ್ಟು, ಎಡದಿಂದ ಬಲಕ್ಕೆ ಭಾಗಿಸುತ್ತಾ ಹೋಗಬೇಕು. ಎರಡಕ್ಕೂ ಸಾಮಾನ್ಯವಾದ ಅಪವರ್ತನವಿದ್ದರೆ ಮೊದಲೇ ತೆಗೆದುಬಿಡಬೇಕು. ನಮ್ಮ ಲೆಕ್ಕದಲ್ಲಿ 3,648 ಮತ್ತು 12 ಎರಡನ್ನೂ ನಾಲ್ಕರಿಂದ ಭಾಗಿಸಿದರೆ 912 ಮತ್ತು 3 ಉಳಿಯುತ್ತವೆ. ಎರಡಂಕಿಯ ಭೂತ ಅಲ್ಲಿಗೇ ಓಡಿತು.

ಆದರೆ ಅವರು ಬರೆಯುತ್ತಿದ್ದುದು ಯಾವುದರ ಮೇಲೆ? ಆ ಕಾಲದ ಲೆಕ್ಕಕ್ಕೆ ಪಾಟೀಗಣಿತ ಎಂದು ಹೆಸರು. ಪಾಟಿ ಎಂದರೆ ಹಲಗೆ. ಧೂಳೀಕರ್ಮ ಎಂದೂ ಕರೆದರು. ಹಲಗೆಯ ಮೇಲೆ ಧೂಳು ಹರಡಿ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. 36ರ ಕೆಳಗೆ 12 ಇಟ್ಟು ಮೂರು ಸಲ ಕಳೆದರೆ 36 ಅಳಿಸಿಹೋಗಿ ಹಲಗೆಯ ಮೇಲೆ 48 ಮಾತ್ರ ಉಳಿಯುತ್ತದೆ. ಈಗ 12 ಅನ್ನು ಅಳಿಸಿ ಒಂದು ಮನೆ ಬಲಕ್ಕೆ ಸರಿಸಿ ಬರೆಯಬೇಕು. ಅದು ಬಂದು ನಿಲ್ಲುವುದು 4ರ ಕೆಳಗೆ. ಅಲ್ಲಿ ಕಳೆಯಲಾಗದು, ಆದ್ದರಿಂದ ಸೊನ್ನೆ. ಮತ್ತೊಂದು ಮನೆ ಸರಿಸಿದರೆ 48ರ ಕೆಳಗೆ 12, ನಾಲ್ಕು ಸಲ. ಭಾಜಕ ಒಂದೊಂದೇ ಮನೆ ನಡೆಯುವುದರಿಂದ ಸೊನ್ನೆಯ ಮನೆಯನ್ನು ಹಾರಿಹೋಗುವ ಹಾಗಿಲ್ಲ. ಕಷ್ಟವೆಂದರೆ, ಕೊನೆಗೆ ಹಲಗೆಯ ಮೇಲೆ ಉತ್ತರ ಬಿಟ್ಟರೆ ಏನೂ ಇರುವುದಿಲ್ಲ. ತಪ್ಪಾಗಿದ್ದರೆ ಎಲ್ಲಿ ತಪ್ಪಾಯಿತೆಂದು ಗುರುವಿಗೂ ತಿಳಿಯದು.

ಈ ಹಲಗೆಯ ಲೆಕ್ಕ ಇಲ್ಲಿಂದ ಅರಬರ ನಾಡಿಗೆ ಹೋಯಿತು. 952ರಲ್ಲಿ ದಮಾಸ್ಕಸ್‌ನಲ್ಲಿ ಅಲ್-ಉಕ್ಲಿದಿಸಿ ಎಂಬ ಗಣಿತಜ್ಞ ಧೂಳು ಬಿಟ್ಟು ಕಾಗದ-ಮಸಿಯಲ್ಲಿ ಇದೇ ಲೆಕ್ಕ ಮಾಡುವ ಬಗೆಯನ್ನು ಬರೆದ. ಅವನು ಕೊಡುವ ಕಾರಣಗಳಲ್ಲೊಂದು ಸ್ವಾರಸ್ಯಕರ: ಬೀದಿಯಲ್ಲಿ ಜ್ಯೋತಿಷ್ಯ ಹೇಳಿ ಹೊಟ್ಟೆ ಹೊರೆಯುವವರ ಕೈಯಲ್ಲಿ ಇಂಥ ಹಲಗೆ ಇರುತ್ತದೆ, ಮರ್ಯಾದಸ್ಥರು ಅದನ್ನು ಹಿಡಿಯಲು ನಾಚುತ್ತಾರೆ! ಯುರೋಪಿನಲ್ಲಿ ಕಾಗದದ ಮೇಲೆ ಅಳಿಸುವ ಬದಲು ಅಂಕಿಗಳನ್ನು ಹೊಡೆದುಹಾಕುತ್ತಾ ಹೋದರು. ಲೆಕ್ಕ ಮುಗಿದಾಗ ಆ ಅಂಕಿಗಳ ರಾಶಿ ಹಾಯಿ ಬಿಚ್ಚಿದ ಹಡಗಿನಂತೆ ಕಂಡದ್ದರಿಂದ ಅದಕ್ಕೆ ಹಡಗಿನ ಪದ್ಧತಿಯೆಂದೇ ಹೆಸರಾಯಿತು. ವೆನಿಸ್‌ನ ಸನ್ಯಾಸಿಯೊಬ್ಬ ತನ್ನ ಹಸ್ತಪ್ರತಿಯಲ್ಲಿ ಲೆಕ್ಕದ ಸುತ್ತ ನಿಜವಾದ ಹಡಗನ್ನೇ ಬಿಡಿಸಿದ್ದಾನೆ. ಇಂದು ನಮ್ಮ ಮಕ್ಕಳು ಮಾಡುವ, ಕಳೆದು ಕೆಳಗೆ ಬರೆದು ಮುಂದಿನ ಅಂಕಿ ಇಳಿಸುವ ರೂಪ ಮೊದಲು ಅಚ್ಚಾದದ್ದು ಇಟಲಿಯ ಫ್ಲಾರೆನ್ಸ್‌ನಲ್ಲಿ, 1491ರಲ್ಲಿ, ಕಲಾಂದ್ರಿಯ ಪುಸ್ತಕದಲ್ಲಿ. ಕಾಗದ ಧಾರಾಳವಾಗಿದ್ದಲ್ಲಿ ಹುಟ್ಟಬಹುದಾದ ಪದ್ಧತಿ ಅದು. ಜಾಗ ಹೆಚ್ಚು ಬೇಕು, ಆದರೆ ಪ್ರತಿಯೊಂದು ಹೆಜ್ಜೆಯೂ ಕಣ್ಣ ಮುಂದೆ ಉಳಿಯುತ್ತದೆ.

ನಮ್ಮ ಊರುಗಳಲ್ಲಿ ಮಾತ್ರ ಅಳಿಸುವ ಹಲಗೆ ಬಹಳ ಕಾಲ ಉಳಿಯಿತು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದ್ರಾಸಿಗೆ ಕಳಿಸಿದ ವರದಿ ಓದಬೇಕು. ಮಕ್ಕಳು ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು, ಆಮೇಲೆ ಇದ್ದಿಲು ಬಳಿದ ಹಲಗೆಯ ಮೇಲೋ ಬಟ್ಟೆಯ ಕಡತದ ಮೇಲೋ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಕಲಿಕೆಯ ವಿವರದಲ್ಲಿ ಕೂಡುವ, ಕಳೆಯುವ, ಗುಣಿಸುವ ಲೆಕ್ಕಗಳಿವೆ, ಹಣ ಮತ್ತು ಅಳತೆಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಲೆಕ್ಕವಿದೆ. ಭಾಗಾಕಾರವೆಂದು ಬೇರೆಯಾಗಿ ಹೇಳಿಲ್ಲ. ಬದಲಿಗೆ ಒಂದನ್ನು ನಾಲ್ಕು ಪಾಲು, ಆ ಪಾಲನ್ನು ಮತ್ತೆ ನಾಲ್ಕು, ಹೀಗೆ ಇಳಿಯುವ ಭಿನ್ನರಾಶಿಗಳಿಗೆ ಬಹಳ ಶ್ರಮ ಹಾಕುತ್ತಿದ್ದರಂತೆ. ಕಾಲು, ವೀಸ, ಕಾಣಿ ಎಂದು ನಾವು ಕೇಳಿದ್ದು ಇವನ್ನೇ: ನಾಲ್ಕನೇ ಒಂದು, ಹದಿನಾರನೇ ಒಂದು, ಅರವತ್ತನಾಲ್ಕನೇ ಒಂದು. ದಿನಕ್ಕೆರಡು ಸಲ ಸಾಲಾಗಿ ನಿಂತು ಮಗ್ಗಿಗಳ ಜೊತೆ ಇವನ್ನೂ ಒಪ್ಪಿಸಬೇಕಿತ್ತು.

ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಿಗೆ ಈ ಭಿನ್ನರಾಶಿಗಳೆಲ್ಲ ಬಾಯಲ್ಲೇ ಇದ್ದವು. ಸೇರು, ಅಚ್ಚೇರು, ಪಾವು, ಚಟಾಕು ಎಂದು ಅರ್ಧ ಮಾಡುತ್ತಾ ಇಳಿದು ಹದಿನಾರರಿಂದ ಭಾಗಿಸುತ್ತಿದ್ದಳು. ಹನ್ನೆರಡು, ಹದಿಮೂರರಿಂದ ಭಾಗಿಸಬೇಕಾದ ಸಾಲದ ಲೆಕ್ಕ ಬಂದರೆ ಮಾತ್ರ ಗಂಡಸರ ಕಡೆ ನೋಡಬೇಕಾಗುತ್ತಿತ್ತು. ಅವರು ಹೇಳಿದ್ದೇ ಬಡ್ಡಿ.

ಕ್ಯಾಂಪ್‌ಬೆಲ್ಲನ ಲೆಕ್ಕದ ಪ್ರಕಾರ ಜಿಲ್ಲೆಯ 533 ಶಾಲೆಗಳಲ್ಲಿ 6,641 ಮಕ್ಕಳಿದ್ದರು. ಕನ್ನಡ ಕಲಿಸುವ ಶಾಲೆಗಳೇ 235. ಅಷ್ಟು ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಮತ್ತೊಮ್ಮೆ ಓದಿ, ಅರವತ್ತು. ಅದಕ್ಕೂ ಆರು ಶತಮಾನಕ್ಕಿಂತ ಹಿಂದೆ, 1150ರಲ್ಲಿ, ಭಾಸ್ಕರಾಚಾರ್ಯರು ‘ಲೀಲಾವತಿ’ಯ ಎಷ್ಟೋ ಪ್ರಶ್ನೆಗಳನ್ನು ಒಬ್ಬ ಬಾಲೆಯನ್ನು ಕರೆದು ಕೇಳಿದ್ದರು. ಪುಸ್ತಕದಲ್ಲಿ ಹುಡುಗಿಗೆ ಜಾಗವಿತ್ತು, ಶಾಲೆಯಲ್ಲಿ ಇರಲಿಲ್ಲ. ಲೀಲಾವತಿ ಭಾಸ್ಕರರ ಮಗಳು, ಅವಳ ಮದುವೆಯ ಮುಹೂರ್ತ ತಪ್ಪಿತು ಎಂಬ ಕಥೆ ನಮಗೆಲ್ಲ ಗೊತ್ತು. ಆ ಕಥೆ ಅಕ್ಬರನ ಕಾಲದ ಫಾರಸಿ ಅನುವಾದದಿಂದ ಪ್ರಚಾರಕ್ಕೆ ಬಂದದ್ದು. ನನಗಂತೂ ಮದುವೆಯ ಕಥೆಗಿಂತ ಅವಳು ಲೆಕ್ಕ ಬಿಡಿಸಿದಳೇ ಎಂಬುದೇ ಕುತೂಹಲ.

ಇದು ಹಳೆಯ ಕಥೆ ಎಂದು ಬಿಡುವಂತಿಲ್ಲ. 1995ರಲ್ಲಿ ನಮ್ಮ ಮುಂಬಯಿಯಲ್ಲೇ ಹುಟ್ಟಿದ ‘ಪ್ರಥಮ್’ ಸಂಸ್ಥೆಯ ‘ಅಸರ್’ ಸಮೀಕ್ಷೆ ಹಳ್ಳಿಯ ಮನೆಮನೆಗೆ ಹೋಗಿ ಮಕ್ಕಳಿಗೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಕೊಡುತ್ತದೆ. 2022ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಅದು ಬಂದದ್ದು ಶೇ. 25.6ರಷ್ಟು ಮಂದಿಗೆ, 2024ರಲ್ಲಿ ಶೇ. 30.7. ಎರಡಂಕಿಯ ಮಾತು ಹಾಗಿರಲಿ.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂದು ತಾಯಂದಿರು ಕೇಳುತ್ತಾರೆ. ಸಾಲದ ಕಂತು ಎಷ್ಟೆಂದು ಮೊಬೈಲ್ ಹೇಳುತ್ತದೆ, ನಿಜ. ಆದರೆ ಬೆರಳು ತಪ್ಪಿ ಒಂದು ಸೊನ್ನೆ ಬಿಟ್ಟುಹೋದರೆ ಅದು 34 ಎಂದೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ.

ಭಾನುವಾರದ ತರಗತಿಯಲ್ಲಿ ನಾನು ಹಳತು ಹೊಸತು ಎರಡನ್ನೂ ಬೆರೆಸಿದ್ದೇನೆ. ಲೆಕ್ಕ ಮಾಡುವ ಮೊದಲೇ ಉತ್ತರ ನೂರರಲ್ಲೋ ಹತ್ತರಲ್ಲೋ ಎಂದು ಬಾಯಲ್ಲಿ ಹೇಳಬೇಕು: ಹನ್ನೆರಡು ಮುನ್ನೂರಲಿ ಮೂರು ಸಾವಿರದ ಆರುನೂರು, ಹಾಗಾದರೆ ಉತ್ತರ ಮುನ್ನೂರರ ಆಚೆ. ಆಮೇಲೆ ಕಾಗದದ ಚೂರಿನಲ್ಲಿ 12 ಎಂದು ಬರೆದು, ನೋಟುಬುಕ್ಕಿನ 3,648ರ ಕೆಳಗೆ ಒಂದೊಂದೇ ಮನೆ ಸರಿಸಬೇಕು. ಚೂರು ನಿಂತಲ್ಲೆಲ್ಲ ಮೇಲೆ ಒಂದು ಅಂಕಿ ಬೀಳಲೇಬೇಕು, ಸೊನ್ನೆಯಾದರೂ ಸರಿ. ಕಳೆದದ್ದನ್ನು ಅಳಿಸುವಂತಿಲ್ಲ. ತರಗತಿಯಲ್ಲಿ ರಬ್ಬರನ್ನು ನಾನು ಮೊದಲೇ ವಸೂಲಿ ಮಾಡಿ ಡಬ್ಬಿಯಲ್ಲಿ ಹಾಕಿಟ್ಟಿರುತ್ತೇನೆ.