ಒಂದು ಕೋಟಿ ಪೌಂಡಿನ ಹಳೇ ಕಾರು

1990ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಟನ್ ಅವರ ಮುಂದೆ ಒಂದು ವ್ಯಾಜ್ಯ ಬಂತು. ಪ್ರಶ್ನೆ ಕೇಳಲಿಕ್ಕೆ ಬಹಳ ಸರಳ: ಈ ಕಾರು ಆ ಕಾರು ಹೌದೋ, ಅಲ್ಲವೋ?

ಕಾರಿನ ಹೆಸರು 'ಓಲ್ಡ್ ನಂಬರ್ ಒನ್'. ಬೆಂಟ್ಲಿ ಕಂಪನಿಯ ಸ್ಪೀಡ್ ಸಿಕ್ಸ್ ಮಾದರಿಯ ರೇಸ್ ಕಾರು. ಮಾಲೀಕ ಎಡ್ವರ್ಡ್ ಹಬ್ಬರ್ಡ್ ಅದನ್ನು ಮಿಡಲ್‌ಬ್ರಿಜ್ ಸಿಮಿಟರ್ ಎಂಬ ಕಂಪನಿಗೆ ಮಾರಲು ಒಪ್ಪಿದ್ದರು. ಬೆಲೆ ಒಂದು ಕೋಟಿ ಪೌಂಡು. ಮಾತುಕತೆ ಮುಗಿದ ಮೇಲೆ ಕೊಳ್ಳುವವರು ಹಿಂದೆ ಸರಿದರು. ತಾವು ಕೊಳ್ಳಲು ಒಪ್ಪಿದ್ದು ಲ ಮಾನ್ ರೇಸ್ ಗೆದ್ದ ಕಾರನ್ನು, ಇದು ಅದಲ್ಲ ಎಂಬುದು ಅವರ ವಾದ. ಹಬ್ಬರ್ಡ್ ಕೋರ್ಟಿಗೆ ಹೋದರು.

ಹಳೇ ಕಾರಿನ ನ್ಯಾಯವಾದ ಬೆಲೆ ಎಷ್ಟು ಎನ್ನುವುದು ಬೀದಿಬದಿಯ ಚೌಕಾಸಿಯಲ್ಲಿ ತೀರುವ ಮಾತು. ಅದು ನ್ಯಾಯಪೀಠದವರೆಗೆ ಹೋಗಬೇಕಾದದ್ದು ಏಕೆ ಎಂದು ತಿಳಿಯಬೇಕಾದರೆ ಮೊದಲು ಸಾಮಾನ್ಯ ಕಾರುಗಳ ಕಥೆಯಿಂದ ಶುರುಮಾಡಬೇಕು.

*

1920ರ ದಶಕದಲ್ಲಿ ಲಾಸ್ ಏಂಜಲಿಸ್‌ನಲ್ಲಿ ಲೆಸ್ ಕೆಲ್ಲಿ ಎಂಬ ಕಾರು ವ್ಯಾಪಾರಿ ಇದ್ದ. ತಾನು ಯಾವ ಕಾರುಗಳನ್ನು ಕೊಳ್ಳಲು ಸಿದ್ಧ, ಯಾವುದಕ್ಕೆ ಎಷ್ಟು ಕೊಡುತ್ತೇನೆ ಎಂದು ಪಟ್ಟಿ ಮಾಡಿ ಇತರ ವ್ಯಾಪಾರಿಗಳಿಗೆ ಹಂಚುತ್ತಿದ್ದ. ಪಟ್ಟಿಯ ಮೇಲೆ ಜನಕ್ಕೆ ನಂಬಿಕೆ ಹುಟ್ಟಿತು. 1926ರಲ್ಲಿ ಅದೇ 'ಬ್ಲೂ ಬುಕ್' ಎಂಬ ಪುಸ್ತಕವಾಯಿತು. ಮಾದರಿ ಯಾವುದು, ಯಾವ ವರ್ಷದ್ದು, ಎಷ್ಟು ಓಡಿದೆ, ಸ್ಥಿತಿ ಹೇಗಿದೆ ಎಂಬುದಷ್ಟು ಗೊತ್ತಾದರೆ ಬೆಲೆ ಹೇಳಬಹುದು ಎಂಬುದು ಇಂಥ ಪುಸ್ತಕಗಳ ಹಿಂದಿನ ನಂಬಿಕೆ. ಒಂದೇ ಅಚ್ಚಿನಲ್ಲಿ ಸಾವಿರಗಟ್ಟಲೆ ಕಾರುಗಳು ಬರುವಾಗ ಇದು ಸರಿಯಾದ ಲೆಕ್ಕವೇ.

ಆದರೆ ಮಾರುವವನಿಗೆ ಗೊತ್ತಿದ್ದದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಈ ಪ್ರಶ್ನೆಯನ್ನೇ ಹಿಡಿದು ಒಂದು ಪ್ರಬಂಧ ಬರೆದರು. ಕೆಟ್ಟ ಕಾರಿಗೆ ಅಮೆರಿಕದ ಆಡುಮಾತಿನಲ್ಲಿ 'ಲೆಮನ್' ಎನ್ನುತ್ತಾರೆ. ಪ್ರಬಂಧದ ಹೆಸರಿನಲ್ಲೂ ಅದೇ ಪದ. ವಾದ ಹೀಗಿದೆ: ಕೊಳ್ಳುವವನಿಗೆ ಒಳ್ಳೆಯದು ಕೆಟ್ಟದ್ದು ಬೇರೆ ಮಾಡಲು ಆಗದಿದ್ದರೆ ಎಲ್ಲಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆ ಕಾರಿನ ಮಾಲೀಕ ಮಾರುವುದಿಲ್ಲ. ಅವನು ಸಂತೆ ಬಿಟ್ಟು ಹೋದಂತೆ ಉಳಿದವುಗಳ ಗುಣ ಇನ್ನೂ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಕೊನೆಗೆ ಸಂತೆಯೇ ಮುಚ್ಚಬಹುದು. ಮೂರು ಪತ್ರಿಕೆಗಳು ಈ ಪ್ರಬಂಧವನ್ನು ತಿರಸ್ಕರಿಸಿದವು. 1970ರಲ್ಲಿ ಅದು ಪ್ರಕಟವಾಯಿತು. 2001ರಲ್ಲಿ ಅಕರ್ಲಾಫ್‌ಗೆ ನೊಬೆಲ್ ಬಂತು.

ದೆಹಲಿಯ ಓದುಗರಿಗೆ ಒಂದು ಸಂಗತಿ ಇಷ್ಟವಾದೀತು. 1967–68ರಲ್ಲಿ ಅಕರ್ಲಾಫ್ ಆ ನಗರದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದರು. ಪ್ರಬಂಧದಲ್ಲಿ ಕಾರಿನ ಜೊತೆಗೆ ನಮ್ಮ ಹಳ್ಳಿಯ ಲೇವಾದೇವಿಗಾರನೂ ಬರುತ್ತಾನೆ. ಊರಿನಲ್ಲಿ ಯಾರು ಸಾಲ ತೀರಿಸುವ ಕುಳ, ಯಾರು ಅಲ್ಲ ಎಂಬುದು ಅವನಿಗೆ ಗೊತ್ತು, ಹೊರಗಿನವನಿಗೆ ಗೊತ್ತಿಲ್ಲ. ಅವನ ಬಡ್ಡಿಯ ಬಲ ಇರುವುದು ಆ ತಿಳಿವಳಿಕೆಯಲ್ಲಿ.

*

ಸ್ಪೋರ್ಟ್ಸ್ ಕಾರಿನ ಬಳಿ ಬಂದರೆ ಬ್ಲೂ ಬುಕ್ಕಿನ ಲೆಕ್ಕ ಕೈಕೊಡುತ್ತದೆ. ಫೆರಾರಿ 250 ಜಿಟಿಒ ಮಾದರಿಯನ್ನೇ ನೋಡಿ. 1962ರಿಂದ 1964ರ ನಡುವೆ ತಯಾರಾದವು 36. ಅಮೆರಿಕದಲ್ಲಿ ಹೊಸದರ ಬೆಲೆ ಸುಮಾರು 18,000 ಡಾಲರ್. ರೇಸಿಗೆಂದೇ ಹುಟ್ಟಿದ ಗಾಡಿ. ಹೆಚ್ಚು ವೇಗದ ಕಾರುಗಳು ಬಂದ ಕೂಡಲೇ ಅದರ ಕೆಲಸ ಮುಗಿಯಿತು. ಗದ್ದಲ, ಸೆಕೆ, ಸಾಮಾನಿಗೆ ಜಾಗವಿಲ್ಲ. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ವಾಹನವಲ್ಲ. ಒಂದು ಜಿಟಿಒವನ್ನು ಮಾಲೀಕರು ಟೆಕ್ಸಾಸಿನ ಒಂದು ಹೈಸ್ಕೂಲಿಗೆ ದಾನ ಕೊಟ್ಟರು. 1972ರಲ್ಲಿ ಶಾಲೆ ಅದನ್ನು 6,500 ಡಾಲರಿಗೆ ಮಾರಿತು.

ಅದು ಮೋಸದ ಬೆಲೆಯೇನಲ್ಲ. ಹಳತಾದ ಒಂದು ರೇಸ್ ಕಾರಿಗೆ ಆಗಿನ ಸಂತೆ ಅಷ್ಟೇ ಕೊಡುತ್ತಿತ್ತು. ಮುಂದೆ ಆದದ್ದು ಬೇರೆ. ಹುಡುಗರಾಗಿದ್ದಾಗ ರೇಸ್‌ಟ್ರ್ಯಾಕಿನ ಬೇಲಿಯಾಚೆ ನಿಂತು ಆ ಕಾರನ್ನು ನೋಡಿದವರು ದೊಡ್ಡವರಾದರು, ಕೆಲವರ ಕೈಯಲ್ಲಿ ದುಡ್ಡು ಸೇರಿತು. 1988ರ ಆಗಸ್ಟಿನಲ್ಲಿ ಎನ್ಜೊ ಫೆರಾರಿ ತೀರಿಕೊಂಡರು. ಅದೇ ಹೊತ್ತಿಗೆ ಜಪಾನಿನಲ್ಲಿ ಭೂಮಿ, ಷೇರುಗಳ ಬೆಲೆ ಗಗನಕ್ಕೇರಿತ್ತು, ಅಲ್ಲಿನ ಹಣ ಕಾರುಗಳತ್ತಲೂ ಹರಿಯಿತು. ಜಿಟಿಒದ ಬೆಲೆ ಕೋಟಿ ಡಾಲರಿನ ಮಾತಾಯಿತು. ಆ ಗುಳ್ಳೆ ಒಡೆದಾಗ ಕೆಲವೇ ವರ್ಷಗಳಲ್ಲಿ ಪಾತಾಳ ಕಂಡಿತು. ಕಾರು ಅದೇ, ಎಂಜಿನ್ ಅದೇ. ಬದಲಾದದ್ದು ಕೊಳ್ಳುವವರ ಜೇಬು. ನಂತರ ಮತ್ತೆ ಏರಿ, 2014ರ ಹರಾಜಿನಲ್ಲಿ ಒಂದು ಜಿಟಿಒ 3 ಕೋಟಿ 81 ಲಕ್ಷ ಡಾಲರಿಗೂ, 2018ರಲ್ಲಿ ಇನ್ನೊಂದು 4 ಕೋಟಿ 84 ಲಕ್ಷಕ್ಕೂ ಹೋದವು.

ಇಂಥ ಕಾರನ್ನು ಅಳೆಯುವವರು ಎಷ್ಟು ಓಡಿದೆ ಎಂಬುದನ್ನು ಕೊನೆಗೆ ಕೇಳುತ್ತಾರೆ. ಮೊದಲು ನೋಡುವುದು ಚಾಸಿಸ್ ನಂಬರು. ಎಂಜಿನ್, ಗೇರ್‌ಬಾಕ್ಸ್‌ಗಳ ನಂಬರು ಕಾರ್ಖಾನೆಯ ದಾಖಲೆಗೆ ತಾಳೆಯಾಗುತ್ತದೆಯೇ? ಯಾವ ರೇಸಿನಲ್ಲಿ ಓಡಿತ್ತು, ಯಾರು ಓಡಿಸಿದ್ದರು, ಎಲ್ಲಿ ಗುದ್ದಿತ್ತು? ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ಹೋದ ಸರಪಳಿಯಲ್ಲಿ ಎಲ್ಲಾದರೂ ಕೊಂಡಿ ಕಳಚಿದೆಯೇ? ಸಾಮಾನ್ಯ ಕಾರಿಗೆ ಕಬ್ಬಿಣದ ಬೆಲೆ ಕಟ್ಟಿದರೆ, ಇಲ್ಲಿ ಕಥೆಗೆ ಬೆಲೆ ಕಟ್ಟುತ್ತಾರೆ. ಕಥೆ ನಿಜವೋ ಸುಳ್ಳೋ ಎಂಬುದರ ಮೇಲೆ ಕೋಟಿಗಳ ವ್ಯತ್ಯಾಸ.

*

ಈಗ ಓಲ್ಡ್ ನಂಬರ್ ಒನ್‌ನ ಕಥೆ. 1929ರ ಲ ಮಾನ್ 24 ಗಂಟೆಯ ರೇಸನ್ನು ವುಲ್ಫ್ ಬಾರ್ನಾಟೊ ಮತ್ತು ಟಿಮ್ ಬರ್ಕಿನ್ ಅದರಲ್ಲಿ ಗೆದ್ದರು. 1930ರಲ್ಲಿ ಬಾರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್ ಮತ್ತೆ ಗೆದ್ದರು. ಬಾರ್ನಾಟೊ ವಜ್ರದ ಗಣಿಗಳ ಆಸ್ತಿಯ ವಾರಸುದಾರ, ಬೆಂಟ್ಲಿ ಕಂಪನಿಯ ಅಧ್ಯಕ್ಷರೂ ಹೌದು. ರೇಸಿನ ಕಾರು ಒಂದೇ ರೂಪದಲ್ಲಿ ಉಳಿಯುವುದಿಲ್ಲ. ಪ್ರತಿ ಹಂಗಾಮಿಗೂ ಬಿಚ್ಚಿ, ಬದಲಿಸಿ, ಕಟ್ಟುತ್ತಾರೆ. 1932ರ ಹೊತ್ತಿಗೆ ಅದಕ್ಕೆ 8 ಲೀಟರಿನ ದೊಡ್ಡ ಎಂಜಿನ್ ಬಂದಿತ್ತು. ಆ ಸೆಪ್ಟೆಂಬರಿನಲ್ಲಿ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ರೇಸಿನಲ್ಲಿ ಕಾರು ಟ್ರ್ಯಾಕಿನ ಇಳಿಜಾರು ದಂಡೆಯನ್ನು ದಾಟಿ ಹಾರಿತು. ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತರು. ನಜ್ಜುಗುಜ್ಜಾದ ಕಾರನ್ನು ಮತ್ತೆ ಕಟ್ಟಿ ಅದಕ್ಕೆ ಬೇರೆಯೇ ಒಂದು ಮೈ ಹೊದಿಸಿದರು.

ಕೋರ್ಟು ತಜ್ಞರ ಮಾತು ಕೇಳಿ ಬಿಡಿಭಾಗಗಳ ಲೆಕ್ಕ ಹಾಕಿತು. 1929ರಲ್ಲಿ ಗೆದ್ದ ಕಾರಿನದು ಏನೂ ಇಲ್ಲ, ಇದ್ದರೂ ಅತ್ಯಲ್ಪ. 1930ರದ್ದು ಪೆಡಲ್ ಶಾಫ್ಟು, ಗೇರ್‌ಬಾಕ್ಸಿನ ಹೊರಕವಚ, ಸ್ಟೀರಿಂಗ್ ಕಾಲಮ್ಮು. ಉಳಿದ ಹಳೆಯ ಭಾಗಗಳು ಹೆಚ್ಚಾಗಿ 1932ರ ರೂಪಕ್ಕೆ ಸೇರಿದವು. ಕೊಳ್ಳುವವರ ವಾದಕ್ಕೆ ಇದಕ್ಕಿಂತ ಬಲ ಬೇಕೇ?

ಆದರೂ ತೀರ್ಪು ಹಬ್ಬರ್ಡ್ ಪರವಾಗಿ ಬಂತು. ನ್ಯಾಯಮೂರ್ತಿಗಳು ಕಂಡ ದಾರಿ ಇದು: ಭಾಗಗಳು ಒಮ್ಮೆಲೇ ಬದಲಾಗಲಿಲ್ಲ, ಒಂದೊಂದಾಗಿ, ರೇಸಿನ ಬದುಕಿನ ನಡುವೆಯೇ ಬದಲಾದವು. ಯಾವ ಘಟ್ಟದಲ್ಲೂ ಈ ಕಾರು ಸತ್ತು ಇನ್ನೊಂದು ಹುಟ್ಟಲಿಲ್ಲ. ಆ ಹೆಸರಿಗೆ ಹಕ್ಕು ಹೇಳಬಲ್ಲ ಬೇರೆ ಬೆಂಟ್ಲಿ ಜಗತ್ತಿನಲ್ಲಿಲ್ಲ. ಹಾಗಾಗಿ ಕಾರ್ಖಾನೆಯಿಂದ ಹೊರಟ ಮೂಲ ರೂಪ ಅದರಲ್ಲಿ ಉಳಿಯದಿದ್ದರೂ, ಅದು ಅಸಲಿ ಓಲ್ಡ್ ನಂಬರ್ ಒನ್. ಒಪ್ಪಂದ ಊರ್ಜಿತ.

ನಮ್ಮ ಊರುಗಳ ತೇರನ್ನು ನೆನೆಸಿಕೊಂಡರೆ ಈ ತೀರ್ಪು ವಿಚಿತ್ರವೆನಿಸುವುದಿಲ್ಲ. ಗಾಲಿ ಸೀಳಿದರೆ ಹೊಸ ಗಾಲಿ, ಅಚ್ಚು ಸವೆದರೆ ಹೊಸ ಅಚ್ಚು. ಅಜ್ಜ ಎಳೆದ ತೇರನ್ನೇ ಮೊಮ್ಮಗ ಎಳೆಯುತ್ತಾನೆ, ಯಾರಿಗೂ ಅನುಮಾನವಿಲ್ಲ. ಏಕೆಂದರೆ ಎಳೆಯುವುದು ಒಂದು ವರ್ಷವೂ ನಿಂತಿಲ್ಲ, ಬದಲಾಯಿಸಿದ್ದು ಊರಿನ ಕಣ್ಣೆದುರಿಗೇ. ಆದರೆ ತೇರನ್ನು ಯಾರೂ ಮಾರುವುದಿಲ್ಲ. ಮಾರುವ ದಿನ ಬಂದರೆ, ಯಾವ ಹಲಗೆ ಯಾವ ವರ್ಷದ್ದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಅಲ್ಲಿಯೇ ನ್ಯಾಯವಾದ ಬೆಲೆಯ ಗುಟ್ಟಿದೆ. ಭಾಗ ಬದಲಾದದ್ದು ದೋಷವಲ್ಲ, ಬದಲಾದದ್ದನ್ನು ಮುಚ್ಚಿಡುವುದು ದೋಷ. ಅಕರ್ಲಾಫ್ ಹೇಳಿದ ಸಂತೆ ಹಾಳಾಗುವುದು ಹಳೇ ಕಾರುಗಳಿಂದಲ್ಲ, ಒಬ್ಬನಿಗೆ ಮಾತ್ರ ಗೊತ್ತಿರುವ ಸತ್ಯದಿಂದ. ಕೋಟಿಯ ಬೆಂಟ್ಲಿ ಇರಲಿ, ಪುಣೆಯಲ್ಲಿ ಕೈಬದಲಾಗುವ ಹತ್ತು ವರ್ಷದ ಕಾರಿರಲಿ, ರಿಪೇರಿಯ ಬಿಲ್ಲುಗಳ ಕಟ್ಟನ್ನು ಮಾರುವವನು ತಾನಾಗಿ ತಂದು ಮೇಜಿನ ಮೇಲಿಟ್ಟರೆ ಚೌಕಾಸಿ ಅರ್ಧ ಮುಗಿದಂತೆ. ಉಳಿದರ್ಧ ಕೊಳ್ಳುವವನ ಆಸೆಯ ಲೆಕ್ಕ. ಅದನ್ನು ಯಾವ ಪುಸ್ತಕವೂ, ಯಾವ ಕೋರ್ಟೂ ಹೇಳಲಾರದು.